ಮುಚ್ಚಳ ಭದ್ರವಿದ್ದರೆ ದೋಣಿ ಭದ್ರ

ದೋಣಿ ಮುಳುಗುವುದೇಕೆ ಎಂದು ಕೇಳಿದರೆ ಮಕ್ಕಳು ಬಿರುಗಾಳಿ, ಬಂಡೆ, ಇಲ್ಲವೇ ತಳದ ತೂತು ಎಂದು ಉತ್ತರಿಸುತ್ತಾರೆ. ಉತ್ತರ ತಪ್ಪೇನಲ್ಲ. ಆದರೆ ತಳದಲ್ಲಿ ಒಂದೂ ತೂತಿಲ್ಲದ, ಯಾವ ಬಂಡೆಗೂ ತಾಗದ ಹಾಯಿದೋಣಿಯೂ ಮುಳುಗಬಲ್ಲದು. ಮನುಷ್ಯ ತನ್ನ ಅನುಕೂಲಕ್ಕೆಂದು ಮೇಲ್ಗಡೆ ಮಾಡಿಟ್ಟ ಬಾಗಿಲಿನಿಂದಲೇ ನೀರು ಒಳಗೆ ಬರುತ್ತದೆ.

ಸಮುದ್ರಕ್ಕೆ ಹೋಗುವ ಹಾಯಿದೋಣಿಗೆ ಡೆಕ್ ಎಂದರೆ ಮನೆಗೆ ತಾರಸಿ ಇದ್ದಂತೆ. ಅದರಲ್ಲಿ ಅಲ್ಲಲ್ಲಿ ಕಿಂಡಿಗಳು, ಅವುಗಳಿಗೆ ಹ್ಯಾಚ್ ಎಂಬ ಮುಚ್ಚಳಗಳು. ಕೆಲವು ಗಾಳಿ ಬೆಳಕಿಗೆ, ಕೆಲವು ಆಳು ಇಳಿಯಲು, ಇನ್ನು ಕೆಲವು ಹಗ್ಗ, ಲಂಗರು, ಹಾಯಿ, ಪಂಪು ಇಡುವ ಗೂಡುಗಳಿಗೆ. ಬೇಕೆಂದಾಗ ಈ ಮುಚ್ಚಳ ಒಂದೇ ಕೈಯಲ್ಲಿ ತೆರೆದುಕೊಳ್ಳಬೇಕು. ಅಲೆ ಬಿದ್ದಾಗ ಹನಿ ನೀರನ್ನೂ ಒಳಗೆ ಬಿಡಬಾರದು. ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಮುಚ್ಚಳದ ಮೇಲೆ ಒಂದು ಮೀಟರ್ ನೀರು ನಿಂತರೆ ಅದರ ಭಾರ 250 ಕಿಲೋಗ್ರಾಂ. ಮೂರು ನಾಲ್ಕು ಮಂದಿ ದೊಡ್ಡವರು ಅದರ ಮೇಲೆ ನಿಂತಂತೆ.

1968ರಲ್ಲಿ ಲಂಡನ್ನಿನ ‘ಸಂಡೇ ಟೈಮ್ಸ್’ ಪತ್ರಿಕೆ ಒಂದು ಪಂದ್ಯ ಏರ್ಪಡಿಸಿತು. ಒಬ್ಬಂಟಿಯಾಗಿ, ಎಲ್ಲೂ ನಿಲ್ಲದೆ, ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತಿ ಬರಬೇಕು. ಹೊರಟವರು ಒಂಬತ್ತು ಮಂದಿ. ಅವರಲ್ಲಿ ಡೊನಾಲ್ಡ್ ಕ್ರೌಹರ್ಸ್ಟ್ ಎಂಬಾತ ಮನೆ, ವ್ಯಾಪಾರ ಎರಡನ್ನೂ ಪಣಕ್ಕಿಟ್ಟು ಮೂರು ಒಡಲಿನ ದೋಣಿ ಕಟ್ಟಿಸಿದ್ದ. ಹೊರಡಲು ಕೊಟ್ಟಿದ್ದ ಗಡುವಿನ ಕೊನೆಯ ದಿನವಾದ ಅಕ್ಟೋಬರ್ 31ರಂದು, ಅರ್ಧಂಬರ್ಧ ಕೆಲಸದೊಡನೆ ಹೊರಟ. ಕೆಲವೇ ದಿನಗಳಲ್ಲಿ ಪಕ್ಕದ ಒಡಲಿನ ಹ್ಯಾಚ್ ಸೋರಿ ಒಳಗೆ ನೀರು ತುಂಬಿತು. ನೀರೆತ್ತುವ ಪಂಪಿಗೆ ಬೇಕಾದ ಕೊಳವೆ ದಡದಲ್ಲೇ ಉಳಿದಿತ್ತು. ಬಕೆಟ್ಟಿನಲ್ಲಿ ಮೊಗೆಯಬೇಕೆಂದರೆ ಮುಚ್ಚಳ ತೆರೆಯಬೇಕು. ತೆರೆದರೆ ಅಲೆ ಒಳನುಗ್ಗುತ್ತದೆ. ಮುಂದೆ ಹೋದರೆ ಸಾವು, ಹಿಂದಿರುಗಿದರೆ ಸಾಲ. ಆತ ತಾನಿರುವ ಸ್ಥಳದ ಬಗ್ಗೆ ಸುಳ್ಳು ಸುದ್ದಿ ಕಳುಹಿಸತೊಡಗಿದ. 1969ರ ಜುಲೈ 10ರಂದು ಅವನ ದೋಣಿ ಅಟ್ಲಾಂಟಿಕ್‌ನಲ್ಲಿ ತೇಲುತ್ತ ಸಿಕ್ಕಿತು; ಅದರಲ್ಲಿ ಅವನಿರಲಿಲ್ಲ.

ಸುತ್ತು ಪೂರೈಸಿದವರು ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಬ್ಬರೇ, 312 ದಿನಗಳಲ್ಲಿ. ಅವರ ದೋಣಿ, ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ 32 ಅಡಿಯ ‘ಸುಹೇಲಿ’. ಬಹುಮಾನದ ಐದು ಸಾವಿರ ಪೌಂಡನ್ನು ಅವರು ಕ್ರೌಹರ್ಸ್ಟ್ ಕುಟುಂಬಕ್ಕೆ ಕೊಟ್ಟುಬಿಟ್ಟರು.

ಮುಚ್ಚಳದ ಪಾಠವನ್ನು ಇನ್ನೂ ಕಠೋರವಾಗಿ ಕಲಿಸಿದ್ದು 1979ರ ಆಗಸ್ಟ್‌ನ ಫಾಸ್ಟ್‌ನೆಟ್ ಪಂದ್ಯ. ಹೊರಟ 303 ದೋಣಿಗಳು ಇಂಗ್ಲೆಂಡ್, ಐರ್ಲೆಂಡ್‌ಗಳ ನಡುವಿನ ಕಡಲಿನಲ್ಲಿ ಬಿರುಗಾಳಿಗೆ ಸಿಕ್ಕವು. 15 ನಾವಿಕರು ಸತ್ತರು. ಮಂದಿ ಬಿಟ್ಟುಹೋದ 24 ದೋಣಿಗಳಲ್ಲಿ 19 ಮುಳುಗದೆ ಆಮೇಲೆ ಸಿಕ್ಕವು. ಕ್ಯಾಬಿನ್ನಿನ ಬಾಗಿಲಿಗೆ ಒಂದರ ಮೇಲೊಂದು ಜಾರಿಸಿ ಕೂರಿಸುವ ಹಲಗೆಗಳಿದ್ದವು. ದೋಣಿ ಮಗುಚಿದಾಗ ಕೆಲವು ಕಡೆ ಅವು ಗಾಡಿಯಿಂದ ಕಳಚಿ ಸಮುದ್ರದ ಪಾಲಾದವು. ಆ ಹಲಗೆಗಳನ್ನು ಅಗುಳಿ ಹಾಕಿ ಭದ್ರಪಡಿಸಬೇಕು, ಹಗ್ಗದಿಂದ ದೋಣಿಗೆ ಕಟ್ಟಿರಬೇಕು, ಹ್ಯಾಚನ್ನು ಒಳಗಿನಿಂದಲೂ ಹೊರಗಿನಿಂದಲೂ ತೆರೆಯಲು ಬರಬೇಕು ಎಂಬುದು ಈಗ ದೂರದ ಪಂದ್ಯಗಳ ನಿಯಮ.

ಹಾಗಾಗಿ ಹಳೆಯ ದೋಣಿ ಕೊಂಡವರು ಬಣ್ಣ ಬಳಿಯುವ ಮುನ್ನ ಮುಚ್ಚಳಗಳನ್ನು ಪರೀಕ್ಷಿಸಬೇಕು. ಕುಕ್ಕರಿನ ರಬ್ಬರ್ ಬಳೆ ಹಳತಾದರೆ ಆವಿ ಸೋರುವಂತೆ, ಹ್ಯಾಚಿನ ರಬ್ಬರ್ ಗಟ್ಟಿಯಾದರೆ ನೀರು ಸೋರುತ್ತದೆ. ರಬ್ಬರ್ ಬದಲಿಸುವುದು ಸುಲಭ. ಕಷ್ಟದ್ದು ಅದರ ಕೆಳಗಿದೆ. ಹಲವು ಹಳೆಯ ಫೈಬರ್‌ಗ್ಲಾಸ್ ದೋಣಿಗಳಲ್ಲಿ ಡೆಕ್ಕಿನ ಎರಡು ಪದರಗಳ ನಡುವೆ ಹಗುರವಾದ ಬಾಲ್ಸಾ ಮರವಿರುತ್ತದೆ. ಸ್ಕ್ರೂ ತೂತಿನಿಂದ ಇಳಿದ ನೀರು ಅದನ್ನು ಒಳಗೊಳಗೇ ಕೊಳೆಸುತ್ತದೆ. ಕೊಳೆತ ಮರವನ್ನು ಕೆರೆದು ತೆಗೆದು, ಜಾಗಕ್ಕೆ ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಅದರ ನಡುವೆಯೇ ಹೊಸ ತೂತು ಕೊರೆಯಬೇಕು. ಆಗ ನೀರಿಗೂ ಮರಕ್ಕೂ ಸಂಬಂಧವೇ ಉಳಿಯುವುದಿಲ್ಲ.

ಮುಚ್ಚಳದ ಆಕ್ರಿಲಿಕ್ ಹಾಳೆಯೂ ಬಿಸಿಲಿಗೆ ಬಿರುಕು ಬಿಡುತ್ತದೆ. ಅದು ಗಾಜಿಗಿಂತ ಬಹಳ ಹೆಚ್ಚು ಹಿಗ್ಗುವ ವಸ್ತು: ಅರ್ಧ ಮೀಟರ್ ಹಾಳೆ, ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಸ್ಕ್ರೂ ತೂತನ್ನು ತುಸು ದೊಡ್ಡದು ಮಾಡದಿದ್ದರೆ ಹಾಳೆ ಅಲ್ಲಿಯೇ ಸೀಳುತ್ತದೆ. ಮುಂಭಾಗದ ಹ್ಯಾಚಿನ ಕೀಲು ದೋಣಿಯ ಮೂತಿಯ ಕಡೆಗಿದ್ದರೆ ಒಳ್ಳೆಯದು. ಎದುರಿನಿಂದ ಬಂದ ಅಲೆಯೇ ಮುಚ್ಚಳವನ್ನು ಮುಚ್ಚಿಬಿಡುತ್ತದೆ.

ಸಾಮಾನಿನ ಗೂಡುಗಳದು ಇನ್ನೊಂದು ಕತೆ. ಹಳೆಯ ದೋಣಿಗಳಲ್ಲಿ ಕೂರುವ ಬೆಂಚಿನ ಕೆಳಗೆ ಬಾವಿಯಂಥ ಒಂದೇ ಗೂಡು. ತಳದಲ್ಲಿರುವ ಪಂಪು ಬೇಕಾದರೆ ಮೇಲಿನ ಸಾಮಾನನ್ನೆಲ್ಲ ಹೊರಗೆ ಹಾಕಬೇಕು. ಅಷ್ಟು ಹೊತ್ತೂ ಮುಚ್ಚಳ ತೆರೆದೇ ಇರುತ್ತದೆ. ಅದಕ್ಕೆ ಅಡ್ಡಹಲಗೆ ಹಾಕಿ ಭಾಗ ಮಾಡುವುದು, ಕ್ಯಾಬಿನ್ನಿನ ಒಳಗಿನಿಂದ ಸಣ್ಣ ಬಾಗಿಲಿಡುವುದು, ಮೇಲಿನ ಮುಚ್ಚಳಕ್ಕೆ ಬಿಗಿಯಾದ ಚಿಲಕ ಹಾಕುವುದು ಜಾಣತನ. ಕೈಗೆ ಸಿಗದ ಪಂಪು ದಡದಲ್ಲಿ ಬಿಟ್ಟುಬಂದ ಪಂಪಿಗೆ ಸಮ.

ಎಲ್ಲ ಮುಗಿದ ಮೇಲೆ ಪರೀಕ್ಷೆ. ಅದಕ್ಕೆ ಬೇಕಾದದ್ದು ಶಾಲೆಯಲ್ಲಿರುವ ಸೀಮೆಸುಣ್ಣ. ಕಿಂಡಿಯ ಅಂಚಿಗೆ ಅದನ್ನು ಉಜ್ಜಿ, ಮುಚ್ಚಳ ಹಾಕಿ ತೆಗೆಯಬೇಕು. ರಬ್ಬರಿನ ಮೇಲೆ ಬಿಳಿ ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿ ನೀರು ಬರುತ್ತದೆ. ಬಂದರಿನಲ್ಲಿ ಆ ಕೊರತೆಯನ್ನು ಒಪ್ಪಿಕೊಳ್ಳಲು ಅರ್ಧ ದಿನದ ಕೆಲಸ ಸಾಕು. ನಡುಗಡಲಿನಲ್ಲಿ ಅದಕ್ಕೆ ತೆರಬೇಕಾದ ಬೆಲೆ ಏನೆಂದು ಕ್ರೌಹರ್ಸ್ಟ್‌ನ ಖಾಲಿ ದೋಣಿ ಹೇಳುತ್ತದೆ.