ಕ್ರೂಸರ್ ತಿರುಗಿಸಿದ ರಾತ್ರಿ

ಮೂರು ವರ್ಷದ ಹಿಂದಿನ ಮಾತು. ಯಾದಗಿರಿಯಿಂದ ಬರುವಷ್ಟರಲ್ಲಿ ಶಹಾಪುರದಲ್ಲಿ ಕೊನೆ ಬಸ್ಸು ಹೋಗಿತ್ತು. ಸುರಪುರದ ಆಚೆ ಇರುವ ನಮ್ಮೂರ ಕಡೆಗೆ ಹೊರಟಿದ್ದ ಕ್ರೂಸರ್ ಹತ್ತಿದೆ. ಹನ್ನೆರಡು ಮಂದಿ ಇದ್ದೆವು. ಮಳೆ ಹೊಡೀತಿತ್ತು, ಒಂದೇ ವೈಪರ್ ಆಡ್ತಿತ್ತು.

ಸುರಪುರ ದಾಟಿದ ಮೇಲೆ ಹಳ್ಳದ ಹತ್ತಿರ ಡ್ರೈವರ್ ಗಾಡಿ ನಿಲ್ಲಿಸಿದ. ಸೇತುವೆ ಮೇಲೆ ನೀರು ಹರೀತಿತ್ತು, ಎಷ್ಟಿದೆ ಅಂತ ಕತ್ತಲಲ್ಲಿ ಕಾಣಲಿಲ್ಲ. ಹಿಂದಿನಿಂದ ಎಲ್ಲರೂ ಕೂಗಿದರು: "ಮೊಣಕಾಲಷ್ಟೂ ಇಲ್ಲ, ಹೊಡೀರಿ!" ಜೋರಾಗಿ ಕೂಗಿದವನು ನಾನೇ. ಊರು ಎರಡೇ ಕಿಲೋಮೀಟರ್ ಇತ್ತು. ಅವನು ಒಂದು ಮಾತೂ ಆಡದೆ ಗಾಡಿ ತಿರುಗಿಸಿದ. ಆ ರಾತ್ರಿ ಸುರಪುರದ ಒಂದು ಅಂಗಡಿ ಕಟ್ಟೆ ಮೇಲೆ ಮಲಗಿದೆವು. ಹೆದರುಪುಕ್ಕಲ ಅಂತ ಅವನಿಗೆ ಕೇಳುವ ಹಾಗೇ ಬೈದೆ.

ಆಮೇಲೆ ಪತ್ರಿಕೋದ್ಯಮ ಓದುವಾಗ, ತನಿಖಾ ವರದಿ ಓದಿ ಸುದ್ದಿ ಬರೆಯುವ ಪಾಠ ಬಂತು. ನನಗೆ ಸಿಕ್ಕಿದ್ದು ಕೋಯಿಕ್ಕೋಡ್ ವಿಮಾನ ದುರಂತ.

2020ರ ಆಗಸ್ಟ್ 7. ಕೊರೊನಾ ಕಾಲದಲ್ಲಿ ದುಬೈನಿಂದ ನಮ್ಮ ಜನರನ್ನು ಕರೆತರುತ್ತಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ, ಒಳಗೆ 190 ಮಂದಿ. ರಾತ್ರಿ, ಜೋರು ಮಳೆ. ಗುಡ್ಡದ ನೆತ್ತಿ ಕಡಿದು ಮಾಡಿದ ರನ್‌ವೇ, ತುದಿ ದಾಟಿದರೆ ಕಣಿವೆ. ಮೊದಲ ಸಲ ಇಳಿಯಲಾಗದೆ ಮತ್ತೆ ಮೇಲೇರಿದರು. ಅದು ಸರಿಯಾದ ಕೆಲಸ. ಎರಡನೇ ಸಲ ಎದುರು ದಿಕ್ಕಿನಿಂದ ಬಂದರು, ಹಿಂದಿನಿಂದ ಗಾಳಿ ತಳ್ಳುತ್ತಿತ್ತು. ಕ್ಯಾಪ್ಟನ್ ಕಡೆಯ ವೈಪರ್ ಕೂಡ ಕೈಕೊಟ್ಟಿತ್ತು. ಅದನ್ನು ಓದಿದಾಗ ನಮ್ಮ ಕ್ರೂಸರ್ ನೆನಪಾಯಿತು. ಸುಮಾರು 2,700 ಮೀಟರ್ ರನ್‌ವೇಯಲ್ಲಿ ಅರ್ಧ ಮುಗಿದ ಮೇಲೆ ಗಾಲಿ ನೆಲಕ್ಕೆ ತಾಗಿತು. ಒದ್ದೆ ರನ್‌ವೇ ಮೇಲೆ ವಿಮಾನ ನಿಲ್ಲಲಿಲ್ಲ. ಕಣಿವೆಗೆ ಬಿದ್ದು ಮುರಿಯಿತು. ಇಬ್ಬರು ಪೈಲಟ್‌ಗಳೂ ಸೇರಿ 21 ಜನ ಸತ್ತರು.

ಕ್ಯಾಪ್ಟನ್ ಹೊಸಬರಲ್ಲ, ವಾಯುಪಡೆಯಲ್ಲಿ ಹಾರಿಸಿದವರು. ಬೇರೆ ನಿಲ್ದಾಣಕ್ಕೆ ಹೋಗುವಷ್ಟು ಇಂಧನವೂ ಇತ್ತು. ಆದರೆ ಮರುದಿನ ಬೆಳಿಗ್ಗೆ ಅಲ್ಲಿಂದಲೇ ಇನ್ನೊಂದು ವಿಮಾನ ಅವರು ಹಾರಿಸಬೇಕಿತ್ತು, ಅಲ್ಲೇ ಇಳಿಯಬೇಕೆಂಬ ಮನಸ್ಸಿಗೆ ಅದೂ ಕಾರಣ ಅನ್ನುತ್ತದೆ ವರದಿ. 'ಗೋ ಅರೌಂಡ್' ಅಂದರೆ ಇಳಿಯುವುದು ಬಿಟ್ಟು ಮತ್ತೆ ಮೇಲೇರುವುದು. ಪಕ್ಕದ ಪೈಲಟ್ ಆ ಮಾತು ಹೇಳಿದ್ದರು.

ಅದಕ್ಕೂ ಹತ್ತು ವರ್ಷ ಮುಂಚೆ, 2010ರ ಮೇ 22ರಂದು, ನಮ್ಮ ಮಂಗಳೂರಿನಲ್ಲೂ ಇಂಥದ್ದೇ ಗುಡ್ಡದ ರನ್‌ವೇ. ಅಲ್ಲಿ ಮಳೆ ಇರಲಿಲ್ಲ, ಬೆಳಕು ಹರಿದಿತ್ತು. ಆದರೆ ಅದು ರಾತ್ರಿಯಿಡೀ ಹಾರಿ ಬಂದ ವಿಮಾನ, ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಮಾಡಿದ್ದರು. ಪಕ್ಕದವರು ಮೂರು ಸಲ 'ಗೋ ಅರೌಂಡ್' ಅಂದರು. 158 ಜನ ಹೋದರು, ಉಳಿದವರು ಎಂಟೇ ಜನ.

ಮೊನ್ನೆ ಸುರಪುರ ಬಸ್‌ಸ್ಟ್ಯಾಂಡ್ ಹತ್ತಿರ ಆ ಡ್ರೈವರ್ ಸಿಕ್ಕ. ಚಹಾ ಕುಡಿಸಿ, ಅವತ್ತು ಬೈದಿದ್ದು ತಪ್ಪಾಯ್ತು ಅಂದೆ. ಅವನಿಗೆ ನೆನಪೇ ಇರಲಿಲ್ಲ. "ದಿನಾ ಯಾರಾದ್ರೂ ಬೈತಾರ್ರೀ" ಅಂತ ನಕ್ಕ. ಕೋಯಿಕ್ಕೋಡ್ ಕತೆ ಹೇಳಿದಾಗ ಕೇಳಿದ: "ಅಲ್ಲೂ ಹಿಂದ ಕುಂತವ್ರು ಹೊಡೀ ಅಂದ್ರೇನ್ರೀ?"

ಇಲ್ಲ, ಪಕ್ಕದಾಗ ಕುಂತವ್ರು ಬ್ಯಾಡ ಅಂದಿದ್ರು ಅಂದೆ.

ಚಹಾ ಕಪ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಆಮೇಲೆ "ಹುಣಸಗಿ, ಹುಣಸಗಿ" ಅಂತ ಕೂಗುತ್ತ ಗಾಡಿ ಕಡೆ ಹೋದ.