ಬಾಯಿಗೆ ಬಂದ ಮೊದಲ ಮಾತು

2019ರ ಮಾತು. ‘ಮೂರು ತಿಂಗಳು ತುಂಬೋವರೆಗೂ ಯಾರ ಹತ್ರನೂ ಬಾಯಿಬಿಡಬೇಡ’ ಎಂದು ಅಮ್ಮ ಫೋನಿನಲ್ಲಿ ಹೇಳಿದ್ದಳು. ಆದರೆ ಬೆಂಗಳೂರಿನ ಆಫೀಸಿನಲ್ಲಿ ಒಂಬತ್ತನೇ ವಾರಕ್ಕೇ ಹೇಳಬೇಕಾಯಿತು. ಮುಂದಿನ ತಿಂಗಳಿಂದ ಹೊಸ ಪ್ರಾಜೆಕ್ಟಿಗೆ ನಾನೇ ಲೀಡ್ ಎಂದು ಮ್ಯಾನೇಜರ್ ಮಾತು ಕೊಟ್ಟಿದ್ದರು. ಅದಕ್ಕಾಗಿ ಎರಡು ವರ್ಷ ಕಾದಿದ್ದೆ.

ಹಿಂದಿನ ರಾತ್ರಿ ಕಾಯ್ದೆ ಓದಿಕೊಂಡೆ. 1961ರದ್ದು, 2017ರ ತಿದ್ದುಪಡಿಯ ನಂತರ ಮೊದಲೆರಡು ಮಕ್ಕಳಿಗೆ 26 ವಾರ ಸಂಬಳಸಹಿತ ರಜೆ. ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವಂತಿಲ್ಲ. ಎಲ್ಲವನ್ನೂ ಪರೀಕ್ಷೆಗೆ ಹೋಗುವವಳಂತೆ ಬಾಯಿಪಾಠ ಮಾಡಿದೆ.

ಮೀಟಿಂಗ್ ರೂಮಿನ ಬಾಗಿಲು ಹಾಕಿಕೊಂಡು ಕೂತ ಮೇಲೆ ಹೊರಬಿದ್ದದ್ದು ಇಷ್ಟೇ: ‘ಸಾರಿ ಸರ್, ನಾನು ಪ್ರೆಗ್ನೆಂಟ್.’

‘ಓಹ್, ಕಂಗ್ರಾಟ್ಸ್’ ಅಂದರು. ಆಮೇಲೆ ಲ್ಯಾಪ್‌ಟಾಪ್ ನೋಡುತ್ತಾ, ‘ಲೀಡ್ ವಿಷಯ ನೀವು ವಾಪಸ್ ಬಂದ ಮೇಲೆ ನೋಡೋಣ.’

ಈ ‘ನೋಡೋಣ’ಕ್ಕೆ ನಾನು ಓದಿದ್ದರಲ್ಲಿ ಯಾವ ಸೆಕ್ಷನ್ನೂ ಇರಲಿಲ್ಲ. ‘ರಜೆಗೆ ಇನ್ನೂ ಐದು ತಿಂಗಳಿದೆ ಸರ್. ಅಲ್ಲಿವರೆಗೆ ನಾನೇ ಮಾಡ್ತೀನಿ’ ಎಂದೆ. ಅವರು ಆಗಲಿ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ರಾತ್ರಿ ಅಮ್ಮನಿಗೆ ಎಲ್ಲ ಹೇಳಿದೆ. ಬೇಗ ಹೇಳಿದ್ದಕ್ಕೆ ಬಯ್ಯುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ: ‘ಅದ್ಸರಿ, ಸಾರಿ ಯಾಕೆ ಕೇಳ್ದೆ?’