ತವರು ಮುಳುಗಿದವರ ತವರು

ನಮ್ಮ ಅಜ್ಜಿಗೊಂದು ಚಾಳಿಯಿತ್ತು. ಯಾರಾದರೂ ಅಳುತ್ತ ಬಂದರೆ ಬಚ್ಚಲ ಒಲೆಗೆ ಎರಡು ಕುಂಟೆ ನೂಕಿ, "ಮೊದಲು ಮಿಂದು ಬಾ, ಆಮೇಲೆ ಹೇಳುವಿಯಂತೆ" ಎನ್ನುವಳು. ಮಿಂದು ಬಂದವರು ಹೇಳಬೇಕಾದ್ದರಲ್ಲಿ ಅರ್ಧ ಮರೆತಿರುತ್ತಿದ್ದರು.

ಶರಾವತಿ ಹೊಳೆಯ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಾವು ಊರು ಬಿಟ್ಟದ್ದು ಅದರ ಹಿಂದೆಯೋ ಮುಂದೆಯೋ, ನಾನಾಗ ತೀರಾ ಸಣ್ಣವ. ಬಾಗಿಲು, ಹೆಂಚು, ಕಂಬ ಎಲ್ಲ ಕಿತ್ತು ಲಾರಿಗೆ ಹೇರಿದ್ದು ನೆನಪಿದೆ. ಅಣ್ಣ ಅವತ್ತು ಜಡಿಮಳೆ ಎನ್ನುತ್ತಾನೆ, ಅಕ್ಕ ಸುಡುಬಿಸಿಲು ಎನ್ನುತ್ತಾಳೆ. ಅಜ್ಜಿಯ ತೊಡೆಯ ಮೇಲೆ ಅಪ್ಪೆಮಿಡಿಯ ಭರಣಿಯಿತ್ತು ಎಂಬಲ್ಲಿ ಮಾತ್ರ ಮೂವರದ್ದೂ ಒಂದೇ ಮಾತು. ಹೊಳೆದಂಡೆಯ ಆ ಕಾಡುಮಾವಿನ ಎಳೆಗಾಯಿ ಉಪ್ಪಿನಲ್ಲಿ ಸರಿಯಾಗಿ ಕೂತರೆ ವರ್ಷಗಟ್ಟಲೆ ಕೆಡದು. ಮುಚ್ಚಳ ತೆಗೆದರೆ ಜಗುಲಿಯವರೆಗೂ ಪರಿಮಳ. ಮರಗಳೂ ಊರಿನ ಜೊತೆಗೇ ಹಿನ್ನೀರಿಗೆ ಹೋದವು.

ಹೊಸ ಜಾಗ ಶಿವಮೊಗ್ಗದ ಕಡೆಯ ಕುರುಚಲು ಕಾಡು. ಸೋಗೆ ಮಾಡು, ಚಿಮಣಿ ಬುಡ್ಡಿ. ಅಜ್ಜ ಕವಳ ಜಗಿಯುತ್ತ ಕಂಬಕ್ಕೊರಗಿ ಕೂತವ ಮತ್ತೆ ಸರಿಯಾಗಿ ಏಳಲಿಲ್ಲ. ಅಜ್ಜಿಯೂ ಮೊದಲ ಮಳೆಗಾಲ ಪೂರ್ತಿ ಗಂಜಿಗೆ ಉಪ್ಪು ಹಾಕುವುದನ್ನೂ ಮರೆಯುತ್ತಿದ್ದಳು.

ಆಗ ಒಂದು ಸಂಜೆ ಪಕ್ಕದ ಬಿಡಾರದ ಹುಡುಗಿ ಬಂದಳು. ಚೊಚ್ಚಲ ಬಸುರಿ. ತವರೂರು ನೀರಿನಡಿ, ತವರಿನವರು ಮತ್ತೆಲ್ಲೋ ಚದುರಿದ್ದಾರೆ, ಅವರಿಗೇ ತಲೆಯ ಮೇಲೆ ಸೂರಿಲ್ಲ. "ಅಜ್ಜೀ, ಒಂದು ಮಿಡಿ ಇದ್ದರೆ..." ಎಂದಳು ಅಷ್ಟೆ. ಅಜ್ಜಿ ಭರಣಿ ತೆಗೆದಳು. ಆಮೇಲೆ, "ಬಾಣಂತನಕ್ಕೆ ಇಲ್ಲಿಗೇ ಬಾ" ಎಂದಳು. ಅಜ್ಜನನ್ನು ಕೇಳಲೂ ಇಲ್ಲ.

ಅಲ್ಲಿಂದ ಶುರುವಾಯಿತು. ತವರು ಮುಳುಗಿದ ಹೆಣ್ಣುಮಕ್ಕಳು ಒಬ್ಬರ ಹಿಂದೆ ಒಬ್ಬರು ಬಂದರು. ಮನೆಯಲ್ಲಿ ಸದಾ ಮೆಂತ್ಯದ ಲೇಹ್ಯ, ಕಾಳುಮೆಣಸಿನ ಸಾರು, ಸಾಂಬ್ರಾಣಿ ಹೊಗೆ, ನಡುಮನೆಯಲ್ಲಿ ಯಾವುದೋ ಒಂದು ತೊಟ್ಟಿಲು. ನಮಗೆ ನಿದ್ದೆಯಿಲ್ಲ. ಅಜ್ಜಿಯ ನಡಿಗೆ ಮಾತ್ರ ಚುರುಕಾಯಿತು, ಬೈಗುಳವೂ ಮರಳಿ ಬಂತು. ಗಂಜಿಯ ಉಪ್ಪೂ ಸರಿಹೋಯಿತು. ಮಿಡಿ ಖಾಲಿಯಾದ ಮೇಲೂ ಆ ಉಪ್ಪುನೀರನ್ನು ಚಮಚೆ ಲೆಕ್ಕದಲ್ಲಿ ಬಸುರಿಯರಿಗೆ ಕೊಡುತ್ತಿದ್ದಳು. ನಾನು ಕೇಳಿದರೆ, "ನೀನೇನು ಬಸುರಿಯನಾ ಮಾಣಿ?"

ಮುಳುಗಡೆಯಾದ್ದರಿಂದಲೇ ಇಷ್ಟೆಲ್ಲ ಒಳ್ಳೆಯದಾಯಿತು ಎಂದು ನೆಂಟರೊಬ್ಬರು ಒಮ್ಮೆ ಉಪದೇಶಕ್ಕೆ ಹೊರಟಿದ್ದರು. ಅಜ್ಜಿ ಅವರ ಮುಂದಿನ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು. ನನಗೂ ಅಜ್ಜಿಯಂತೆಯೇ ಅನಿಸುತ್ತದೆ. ಬಾಣಂತನ ಮಾಡಿದ್ದು ಅಜ್ಜಿ, ಅದರ ಪುಣ್ಯವನ್ನು ಅಣೆಕಟ್ಟಿನ ಲೆಕ್ಕಕ್ಕೆ ಬರೆಯಬಾರದು. ಆ ಮನೆಯಲ್ಲಿ ತೊಟ್ಟಿಲು ತೂಗಿಸಿಕೊಂಡವರು ಈಗ ತಾವೇ ಅಜ್ಜ, ಅಜ್ಜಿಯರು. ಆದರೂ ಶರಾವತಿ ಸಂತ್ರಸ್ತರಲ್ಲಿ ಎಷ್ಟೋ ಕುಟುಂಬಗಳು ಜಮೀನಿನ ಹಕ್ಕಿಗಾಗಿ ಇನ್ನೂ ಕಚೇರಿ ಅಲೆಯುತ್ತಿವೆ.